ಅಬಾಲಿಷ್ ಅಂದ್ರೆ ಮುಗೀತು ಅಂತಾನಾ?



ಮೊನ್ನೆ ರಾತ್ರಿ ಮಗಳು ಪುಸ್ತಕ ಹಿಡ್ಕೊಂಡು ಬಂದು, "ಅಪ್ಪಾ, ಅಬಾಲಿಷ್ ಅಂದ್ರೇನು?" ಅಂತ ಕೇಳಿದಳು. ಸಂವಿಧಾನದ 17ನೇ ವಿಧಿ ಓದ್ತಿದ್ದಳು.

ನಾನು ಫೈಲು ನೋಡೋ ಗುಮಾಸ್ತ. ನನಗೆ ಈ ಪದ ಪರಿಚಯ ಆಗಿದ್ದು ಆಫೀಸಿನಲ್ಲಿ. ಒಂದು ಹುದ್ದೆ ಅಬಾಲಿಷ್ ಆಯ್ತು ಅಂತ ಆದೇಶ ಬಂದ್ರೆ ಅದರ ಹೆಸರಲ್ಲಿ ಮತ್ತೆ ಸಂಬಳದ ಬಿಲ್ಲು ಆಗಲ್ಲ. ಕಥೆ ಮುಗೀತು. "ರದ್ದು ಮಾಡೋದು ಕಣಮ್ಮಾ" ಅಂದೆ.

"ಹಾಗಾದ್ರೆ ಊರಲ್ಲಿ ನಮಗ್ಯಾಕೆ ಪೇಪರ್ ಕಪ್ಪು?"

ಹಬ್ಬಕ್ಕೆ ಹೋದಾಗ ಟೀ ಅಂಗಡಿಯಲ್ಲಿ ಬೇರೆಯವರಿಗೆಲ್ಲ ಗಾಜಿನ ಲೋಟ, ನಮ್ಮಿಬ್ಬರಿಗೆ ಮಾತ್ರ ಪೇಪರ್ ಕಪ್ಪು. ಅವಳು ಗಮನಿಸಿಲ್ಲ ಅಂದ್ಕೊಂಡಿದ್ದೆ. ವೇದಿಕೆ ಮೇಲೆ ಅಷ್ಟು ಮಾತಾಡೋ ನಾನು ಅವತ್ತು ಸುಮ್ಮನೆ ಕುಡಿದು, ಕಪ್ಪು ಎಸೆದು ಬಂದಿದ್ದೆ.

ಆಮೇಲೆ ಇಬ್ಬರೂ ಕೂತು ಆ ವಿಧಿಯನ್ನ ಮತ್ತೆ ಓದಿದ್ವಿ. ಅಸ್ಪೃಶ್ಯತೆ ಅಬಾಲಿಷ್ ಆಗಿದೆ ಅಂತ ಹೇಳಿ ಸಂವಿಧಾನ ಅಲ್ಲಿಗೆ ನಿಲ್ಲಲ್ಲ. ಯಾವ ರೂಪದಲ್ಲೂ ಆಚರಿಸಬಾರದು ಅನ್ನುತ್ತೆ, ಆಚರಿಸಿದ್ರೆ ಶಿಕ್ಷಾರ್ಹ ಅಪರಾಧ ಅನ್ನುತ್ತೆ. ರದ್ದಾದ ಹುದ್ದೆಯ ಕುರ್ಚಿ ಮೇಲೆ ಕೂರಬೇಡಿ ಅಂತ ಯಾರೂ ಸುತ್ತೋಲೆ ಹೊರಡಿಸಲ್ಲ. ಇಲ್ಲಿ ಹೊರಡಿಸಬೇಕಾಯ್ತು. ಸಂವಿಧಾನ ಸಭೆ ಇದನ್ನ ಒಪ್ಪಿದ್ದು 1948ರ ನವೆಂಬರ್ 29ರಂದು. ಶಿಕ್ಷೆಗೆ ಕಾಯ್ದೆ ಬಂದಿದ್ದು 1955ರಲ್ಲಿ. ಅದೂ ಸಾಲದೆ 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಮಾಡಬೇಕಾಯ್ತು.

ಇಂಗ್ಲಿಷಿನಲ್ಲಿ ಟಿಕೆಟ್ಟನ್ನ ಅಬಾಲಿಷ್ ಮಾಡಲ್ಲ, ಕ್ಯಾನ್ಸಲ್ ಮಾಡ್ತಾರೆ. ಅಬಾಲಿಷ್ ಮಾಡೋದು ಪದ್ಧತಿಯನ್ನ. 1976ರ ಕಾಯ್ದೆ ಜೀತ ಪದ್ಧತಿಗೂ ಇದೇ ಪದ ಬಳಸಿದೆ. ತೆಂಗಿನ ಚಿಪ್ಪು ಹೋಗಿ ಪೇಪರ್ ಕಪ್ಪು ಬಂದ್ರೆ ವಸ್ತು ಬದಲಾಯ್ತು ಅಷ್ಟೇ, ಪದ್ಧತಿ ಹಾಗೇ ಇದೆ.

ಕನ್ನಡದಲ್ಲಿ ನಮಗೆ ಎರಡು ಪದ ಇವೆ: ರದ್ದು, ನಿರ್ಮೂಲನೆ. ರದ್ದು ಮಾಡೋಕೆ ಒಂದು ಸಹಿ ಸಾಕು. ನಿರ್ಮೂಲನೆ ಅಂದ್ರೆ ಬೇರು ಸಮೇತ ಕೀಳೋದು. ಅದಕ್ಕೆ ಕೈ ಬೇಕು, ಮಣ್ಣು ಅಗೆಯಬೇಕು. ಮಗಳಿಗೆ ನಾನು ಹೇಳಿಕೊಟ್ಟಿದ್ದು ತಪ್ಪು ಅರ್ಥ. ಅದನ್ನ ಅವಳ ಮುಂದೆಯೇ ತಿದ್ದಿಕೊಂಡೆ.

ಮುಂದಿನ ಸಲ ಊರಿಗೆ ಹೋದಾಗ ಅವಳ ಜೊತೆಗೇ ಅದೇ ಅಂಗಡಿಗೆ ಹೋಗಿ ಲೋಟದಲ್ಲೇ ಟೀ ಕೇಳ್ತೀನಿ. ಕೊಡದಿದ್ರೆ ದೂರು ಬರೀತೀನಿ. ಅರ್ಜಿ ಬರೆಯೋದನ್ನ ಗುಮಾಸ್ತನಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಿಮ್ಮೂರಿನ ಅಂಗಡಿಯಲ್ಲಿ ಯಾವ ಲೋಟ? ಕಾಮೆಂಟಿನಲ್ಲಿ ಬರೆಯಿರಿ.