ಕೂಣಿ ಹೊತ್ತು ಹೋದ ಬೇಸಿಗೆಗಳು

ಯುಗಾದಿ ಕಳೆದು ಬಿಸಿಲು ಬಲಿಯಿತೆಂದರೆ ಸೊರಬ, ಸಾಗರದ ಕಡೆಯ ಹಳ್ಳಿಗಳಲ್ಲಿ ಮಾತೆಲ್ಲ ಒಂದೇ ದಿಕ್ಕಿಗೆ ತಿರುಗುತ್ತಿತ್ತು: ಈ ಸಲ ಯಾವ ಊರಿನ ಕೆರೆಬೇಟೆ ಯಾವಾಗ? ಸಂತೆಯಲ್ಲಿ, ಹೋಟೆಲ್ಲಿನ ಬೆಂಚಿನ ಮೇಲೆ, ಮದುವೆಮನೆಯ ಪಂಕ್ತಿಯಲ್ಲಿ ಅದೇ ಸುದ್ದಿ. ವರ್ಷವಿಡೀ ಅಟ್ಟದ ಮೇಲೆ ಹೊಗೆ ಕುಡಿದು ಕಪ್ಪಾಗಿದ್ದ ಕೂಣಿಗಳು ಕೆಳಗಿಳಿಯುತ್ತಿದ್ದವು. ಸಡಿಲಾದ ಕಟ್ಟು ಬಿಚ್ಚಿ ಹೊಸದಾಗಿ ಬಿಗಿಯುವುದು, ಮುರಿದ ಕಡ್ಡಿಯ ಜಾಗಕ್ಕೆ ಬೇರೆ ಬಿದಿರು ಸೀಳುವುದು ದೊಡ್ಡವರ ಕೆಲಸ. ಅದಕ್ಕೆ ಅಡ್ಡಗಾಲು ಹಾಕುವುದು ನಮ್ಮ ವಾರಿಗೆಯ ಹುಡುಗರ ಕೆಲಸ.

ಕೂಣಿ ಕಾಣದವರಿಗೆ ಎರಡು ಮಾತು. ಬಿದಿರಿನ ಕಡ್ಡಿಗಳನ್ನು ಸಾಲಾಗಿ ಕಟ್ಟಿ ಮಾಡಿದ, ತಳವಿಲ್ಲದ ಬುಟ್ಟಿ ಅದು. ಕೆಳಗೆ ಅಗಲ, ಮೇಲೆ ಕಿರಿದು. ಮೇಲಿನ ಬಾಯಿ ಒಂದು ತೋಳು ಇಳಿಯುವಷ್ಟು. ನೀರಿನಲ್ಲಿ ನಡೆಯುತ್ತಾ ಹೆಜ್ಜೆಗೊಮ್ಮೆ ಅದನ್ನು ಕೆಸರಿಗೆ ಊರಬೇಕು. ಒಳಗೆ ಮೀನು ಸಿಕ್ಕಿದ್ದರೆ ಅದು ಕಡ್ಡಿಗೆ ದಡ್ಡನೆ ಬಡಿದದ್ದು ಅಂಗೈಗೆ ತಿಳಿಯುತ್ತದೆ. ಆಗ ಕೂಣಿಯನ್ನು ಮೈಭಾರ ಹಾಕಿ ಒತ್ತಿ ಹಿಡಿದು, ಮೇಲಿನಿಂದ ಕೈ ಇಳಿಸಿ ತಡಕಬೇಕು. ಕುಚ್ಚು ಮೀನಿನ ಮೈಯೆಲ್ಲ ಲೋಳೆ. ಸೊಂಟ ಹಿಡಿದರೆ ಜಾರುತ್ತದೆ. ಕಿವಿರಿನ ಸಂದಿಗೆ ಹೆಬ್ಬೆರಳು ತೂರಿದರೆ ಮಾತ್ರ ಅದು ನಿಮ್ಮದು. ಕೈಗೆ ತಗುಲಿದ್ದು ಚೇಳುಮೀನಾಗಿದ್ದರೆ ಕತೆಯೇ ಬೇರೆ. ಅದರ ಪಕ್ಕದ ಮುಳ್ಳು ನೆಟ್ಟಿತೆಂದರೆ ಉರಿ ಮೊಣಕೈವರೆಗೆ ಏರುತ್ತಿತ್ತು. ಏರಿಯ ಮೇಲೆ ಯಾರೋ ಬಿಸಿನೀರು ಕಾಯಿಸುತ್ತಿದ್ದರು, ಉಳಿದವರು ನಗುತ್ತಿದ್ದರು.

ಕೆರೆಯ ಮೊದಲ ಹಕ್ಕು ಗದ್ದೆಯದು. ತೂಬಿನಿಂದ ನೀರು ಹರಿದು, ಅಂಗಳದಲ್ಲಿ ತೊಡೆಮಟ್ಟಕ್ಕೆ ಇಳಿದ ಮೇಲೆಯೇ ಬೇಟೆಯ ಮಾತು. ಒಂದು ಊರಿನವರು ದಿನ ಗೊತ್ತು ಮಾಡುವ ಮೊದಲು ಅಕ್ಕಪಕ್ಕದ ಊರಿನವರನ್ನು ಕೇಳುತ್ತಿದ್ದರು. ಒಂದೇ ದಿನ ಎರಡು ಕೆರೆ ಬಿದ್ದರೆ ಎರಡೂ ಕಡೆ ಜನ ಕಡಿಮೆ. ಆ ದಿನ ಬೆಳಿಗ್ಗೆ ಗಾಡಿಯಲ್ಲಿ, ಸೈಕಲ್ಲಿನಲ್ಲಿ, ಆಮೇಲಾಮೇಲೆ ಟ್ರ್ಯಾಕ್ಟರಿನಲ್ಲಿ ಜನ ಬಂದಿಳಿಯುತ್ತಿದ್ದರು. ಕೂಣಿಗೆ ಇಷ್ಟು ಎಂದು ದುಡ್ಡು ಕೊಟ್ಟು ಚೀಟಿ ಪಡೆಯಬೇಕು. ಆ ದುಡ್ಡು ದೇವಸ್ಥಾನದ ಮಾಡಿಗೋ ಊರಿನ ಇನ್ನಾವುದೋ ಕೆಲಸಕ್ಕೋ ಸೇರುತ್ತಿತ್ತು. ಕೆರೆಗೆ ಪೂಜೆಯಾಗಿ, ಕಾಯಿ ಒಡೆದು, ಊರ ಹಿರಿಯರು ಕೈ ಬೀಸಿದರೋ ಇಲ್ಲವೋ, ಏರಿಯ ಮೇಲಿದ್ದವರೆಲ್ಲ ಹುಯ್ಲಿಡುತ್ತಾ ನೀರಿಗೆ.

ಮೊದಲ ಅರ್ಧ ಗಂಟೆಯಲ್ಲೇ ಕೆರೆ ಕದಡಿ ಕೆಂಪಾಗುತ್ತಿತ್ತು. ಉಸಿರು ಕಟ್ಟಿದ ಮೀನು ಮೇಲೆದ್ದಾಗ ನಾಲ್ಕು ಕೂಣಿ ಒಟ್ಟಿಗೆ ಅದರ ಮೇಲೆ ಬೀಳುತ್ತಿದ್ದವು. ಅದು ಯಾರ ಮೀನು ಎಂಬ ಜಗಳ ಅಲ್ಲೇ ಹುಟ್ಟಿ, ಮುಂದಿನ ಮೀನು ಎದ್ದ ಕೂಡಲೇ ಅಲ್ಲೇ ಸಾಯುತ್ತಿತ್ತು. ನಮ್ಮ ದೊಡ್ಡಪ್ಪನಿಗೆ ಸೊಂಟದ ಚೀಲಕ್ಕೆ ಮೀನು ಹಾಕುವಷ್ಟೂ ವ್ಯವಧಾನವಿರಲಿಲ್ಲ. ಒಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಇನ್ನೊಂದಕ್ಕೆ ಕೈ ಹಾಕುತ್ತಿದ್ದರು. ಬಾಯಲ್ಲಿ ಮೀನಿರುವಾಗಲೇ ಪಕ್ಕದವನನ್ನು ಬೈಯುವ ವಿದ್ಯೆಯೂ ಅವರಿಗೆ ಗೊತ್ತಿತ್ತು. ಏನೂ ಸಿಗದವರಿಗೆ ಹೊರಡುವಾಗ ಯಾರಾದರೂ ಎರಡು ಮೀನು ಕೊಡುತ್ತಿದ್ದರು. ಚೀಟಿ ತೆಗೆದವನು ಬರಿಗೈಲಿ ಹೋದರೆ ಮುಂದಿನ ವರ್ಷ ಅವನ ಊರಿನ ಕೆರೆಯಲ್ಲಿ ನಮಗೆ ಏನು ಮರ್ಯಾದೆ?

ಸಂಜೆ ಊರಿಗೆ ಊರೇ ಮೀನು ತಿಕ್ಕುವ ಸದ್ದು. ಲೋಳೆ ಹೋಗಲೆಂದು ಬೂದಿ ಹಾಕಿ, ಒರಟು ಕಲ್ಲಿನ ಮೇಲೆ ಉಜ್ಜುತ್ತಾ ಕೂರುತ್ತಿದ್ದ ಅಜ್ಜಿಗೆ ಯಾವ ಮೀನಿಗೆ ಯಾವ ಹುಳಿ ಎಂಬುದು ಬಾಯಿಪಾಠ. ಕುಚ್ಚಿಗೆ ವಾಟೆಹುಳಿಯೇ ಆಗಬೇಕು, ಗಿರ್ಲು ಮೀನಾದರೆ ಹುಣಸೆಹುಳಿಯೂ ನಡೆಯುತ್ತದೆ ಎಂದು ಅವಳ ತೀರ್ಮಾನ. ಉಳಿದದ್ದು ಒಲೆಯ ಮೇಲಿನ ತಟ್ಟಿಗೆ ಏರಿ ಒಣಗಿ, ಮಳೆಗಾಲದ ಗಂಜಿಗೆ ಜೊತೆಯಾಗುತ್ತಿತ್ತು.

ಇಷ್ಟು ಮೀನು ಬರುತ್ತಿದ್ದದ್ದು ಎಲ್ಲಿಂದ? ನಮ್ಮ ಸೀಮೆಯ ಕೆರೆಗಳು ಇಂದು ನಿನ್ನೆಯವಲ್ಲ. ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ, ಕದಂಬರ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಅದು ಐದನೆಯ ಶತಮಾನದ ಮಾತು. ಕೆರೆ ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ ಉಳಿಯಿತು. ಮೀನು ಬಿಟ್ಟವನ ಹೆಸರು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ನಮ್ಮ ಕೆರೆಗಳಿಗೆ ಬಹುಕಾಲ ಯಾರೂ ಮೀನು ಬಿಟ್ಟಿರಲಿಲ್ಲ. ಮೀನು ತಾನೇ ಬರುತ್ತಿತ್ತು.

ಅದು ಬರುವ ದಾರಿಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಜೂನ್‌ನಲ್ಲಿ ಮೃಗಶಿರಾ ಮಳೆ ಹಿಡಿದು ಕೋಡಿ ಹಳ್ಳ ಕೆಂಪಾಗಿ ಹರಿದರೆ ಹತ್ತುಮೀನು ಶುರು. ಹೊಸ ನೀರಿನ ವಾಸನೆ ಹಿಡಿದು, ಹರಿವಿಗೆ ಎದುರಾಗಿ, ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಮೀನು ಹತ್ತುತ್ತಿತ್ತು. ಮುರುಗೋಡಿನಂಥ ಮೀನು ಗಾಳಿಯನ್ನೂ ಉಸಿರಾಡಬಲ್ಲದು. ಹಾಗಾಗಿ ಅಂಗುಲ ನೀರಿದ್ದರೂ ಬದು ದಾಟಿ ತೆವಳುತ್ತಿತ್ತು. ಗದ್ದೆಯ ತೆಳುನೀರಿನಲ್ಲಿ ತತ್ತಿಯಿಟ್ಟು, ಮರಿಗಳು ಅಲ್ಲೇ ದೊಡ್ಡವಾಗಿ, ಮಳೆ ಇಳಿಯುವಾಗ ಕೆರೆ ಸೇರುತ್ತಿದ್ದವು. ಕುಚ್ಚು ಮಾತ್ರ ಮರಿಗಳನ್ನು ಬಿಟ್ಟು ಹೋಗುವ ಜಾತಿಯಲ್ಲ. ಕೆರೆಯಂಚಿನ ಜೊಂಡಿನ ಬಳಿ ನೀರು ಅಂಗೈಯಗಲ ಕೆಂಪಾಗಿ ಕುದಿಯುವಂತೆ ಕಂಡರೆ ಅದು ಅದರ ಮರಿಗಳ ಹಿಂಡು. ಹಿಂಡಿನ ಅಡಿಯಲ್ಲೇ ತಾಯಿತಂದೆ ಕಾವಲಿರುತ್ತವೆ. ನಾವು ಕಡ್ಡಿಯಿಂದ ಕೆದಕಿದರೆ ನೀರು ಬಗ್ಗಡವಾಗುವಷ್ಟು ಜೋರಾಗಿ ಎಗರಿ ಬರುತ್ತಿದ್ದವು.

ರಾತ್ರಿ ಗ್ಯಾಸ್‌ಲೈಟು, ಕತ್ತಿ ಹಿಡಿದು ಹತ್ತುಮೀನು ಕಡಿಯಲು ಹೋಗದ ಮನೆ ಕಡಿಮೆ. ಅವುಗಳ ಹೊಟ್ಟೆ ತುಂಬ ತತ್ತಿ ಇರುವುದು ಎಲ್ಲರಿಗೂ ಗೊತ್ತಿತ್ತು. ಆದರೂ ಕೆರೆ ತಡೆದುಕೊಂಡಿತು. ಹತ್ತುವ ದಾರಿಗಳು ನೂರಿದ್ದವು, ಕಾಯುವ ಕತ್ತಿಗಳು ಹತ್ತಿದ್ದವು.

ಆಮೇಲೆ ಬಂದದ್ದು ಬಿತ್ತನೆ ಮೀನು. ಗಂಗೆಯ ಬಯಲಿನ ಕಾಟ್ಲಾ, ರೋಹು, ಮೃಗಾಲ್ ನೆರೆ ಬಂದ ಹೊಳೆಯಲ್ಲಿ ತತ್ತಿಯಿಡುವ ಮೀನುಗಳು. ನಿಂತ ನೀರಿನ ಕೆರೆಯಲ್ಲಿ ಬೆಳೆಯುತ್ತವೆ, ವಂಶ ಬೆಳೆಸುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧರಿ ಮತ್ತು ಅವರ ಸಂಗಡಿಗರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಜಾತಿಯ ಮೀನುಗಳಿಂದ ತತ್ತಿ ಇಡಿಸಿದ ಮೇಲೆ, ಮರಿಗಾಗಿ ಹೊಳೆಯನ್ನೇ ಕಾಯುವುದು ತಪ್ಪಿತು. ಆ ದಿನವನ್ನು ದೇಶ ಈಗಲೂ ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ. ನಮ್ಮೂರಿಗೆ ಆ ವಿಜ್ಞಾನ ತಲುಪಿದ್ದು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ. ಮರಿ ಬಿಟ್ಟ ವರ್ಷದೊಳಗೆ ಕಾಟ್ಲಾ ಒಂದು ಕಿಲೋ ತೂಗಿದ್ದನ್ನು ಕಂಡು ಊರೇ ಬೆರಗಾಗಿತ್ತು. ಮೇಲ್ನೀರಿನಲ್ಲಿ ಕಾಟ್ಲಾ, ನಡುವೆ ರೋಹು, ತಳದಲ್ಲಿ ಮೃಗಾಲ್ ಮೇಯುತ್ತವೆ, ಒಂದಕ್ಕೊಂದು ಪೈಪೋಟಿ ಕಡಿಮೆ ಎಂದು ಮೀನುಗಾರಿಕೆ ಇಲಾಖೆಯವರು ವಿವರಿಸಿದ್ದು ಸುಳ್ಳಾಗಲಿಲ್ಲ. ಇದರ ನಡುವೆ 1952ರಲ್ಲಿ ದೇಶಕ್ಕೆ ಬಂದ ತಿಲಾಪಿಯಾ, ನಮ್ಮವರ ಬಾಯಲ್ಲಿ ಜಿಲೇಬಿ, ಯಾರೂ ಕರೆಯದೆ ಕೆರೆ ಹೊಕ್ಕಿತು. ಅದು ಕೆರೆಯಲ್ಲೇ ಗುಳಿ ತೋಡಿ ಮತ್ತೆ ಮತ್ತೆ ಮರಿ ಮಾಡುತ್ತದೆ. ಓಡಿಸುವುದು ಯಾರ ಕೈಲೂ ಆಗಲಿಲ್ಲ.

ತೂಕ ಹಾಕಿ ನೋಡಿದರೆ ಕೆರೆಗೆ ನಷ್ಟವಾಗಿಲ್ಲ ಎನ್ನಬಹುದು. ಹರಾಜು ಹಿಡಿದವನ ಬಲೆ ಒಂದೇ ದಿನ ಗಾಡಿ ತುಂಬುತ್ತದೆ, ಪಂಚಾಯಿತಿಗೆ ದುಡ್ಡು ಬರುತ್ತದೆ, ದೂರದ ಪೇಟೆಯವರಿಗೆ ಅಗ್ಗದ ಮೀನು ಸಿಗುತ್ತದೆ. ಕಡಿಮೆಯಾದದ್ದು ಬಗೆ. ಕೋಡಿ ಹಳ್ಳಕ್ಕೆ ಸಿಮೆಂಟು ಬಂತು, ಗದ್ದೆ ಶುಂಠಿಗೂ ಅಡಿಕೆಗೂ ತಿರುಗಿತು, ಉಳಿದ ಗದ್ದೆಗೆ ಔಷಧಿ ಬಿತ್ತು. ಹತ್ತುಮೀನಿಗೆ ಹತ್ತಲು ದಾರಿಯಿಲ್ಲ, ಹತ್ತಿದರೆ ಇರಲು ಜಾಗವಿಲ್ಲ. ಔಲು, ಗಿರ್ಲು, ಚೇಳುಮೀನು ಎಂದರೆ ನಮ್ಮ ಮಕ್ಕಳು ಇನ್ನೊಮ್ಮೆ ಹೇಳು ಎನ್ನುತ್ತಾರೆ.

ಕೆರೆಬೇಟೆ ನಿಂತಿಲ್ಲ. ಕೆಲವು ಊರುಗಳಲ್ಲಿ ಈಗಲೂ ನಡೆಯುತ್ತದೆ; ಸುದ್ದಿ ಮೊಬೈಲಿನಲ್ಲಿ ಹರಡಿ ಜನ ಮುಗಿಬೀಳುತ್ತಾರೆ. 2024ರಲ್ಲಿ ಅದೇ ಹೆಸರಿನ ಸಿನಿಮಾ ಬಂದ ಮೇಲಂತೂ ಪೇಟೆಯ ಹುಡುಗರಿಗೂ ಕೂಣಿಯ ಗುರುತಾಗಿದೆ. ನಮ್ಮ ವಾರಿಗೆಯವರು ಮದುವೆ ಮುಂಜಿಯಲ್ಲಿ ಸೇರಿದರೆ ಮೊದಲು ಮೊಣಕಾಲು ನೋವಿನ ಮಾತು, ಆಮೇಲೆ ಕೆರೆಯ ಮಾತು. ಹಳೆಯ ಬೇಟೆಯನ್ನು ಉಳಿಸಿಕೊಳ್ಳಬೇಕು ಎಂದು ಎಲ್ಲರೂ ತಲೆಯಾಡಿಸುತ್ತೇವೆ. ಅದಕ್ಕೆ ಕೂಣಿ ಹೆಣೆಯಲು ಕಲಿಸಿದರೆ ಸಾಲದು. ಬೇಸಿಗೆಯ ಒಂದು ದಿನದ ಬೇಟೆಗೆ ಮಳೆಗಾಲದ ಎರಡು ತಿಂಗಳು ಹಳ್ಳ ತೆರೆದಿರಬೇಕು, ಕತ್ತಿ ಅಟ್ಟದ ಮೇಲಿರಬೇಕು. ನಾಲ್ಕು ಊರು ಕೂತು ಮಾತಾಡಿದರೆ ಆಗದ ಕೆಲಸವೇನಲ್ಲ. ಬೇಟೆಯ ದಿನ ಗೊತ್ತು ಮಾಡಲು ಅದೇ ಊರುಗಳು ಪ್ರತಿ ವರ್ಷ ಕೂತು ಮಾತಾಡುತ್ತಿದ್ದವಲ್ಲ.