ಅಕ್ಷರವಿಲ್ಲದ ಕಲ್ಲು

ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಹೊರಟವನು ವೀರಗಲ್ಲುಗಳನ್ನು ಹುಡುಕಬೇಕಾಗಿಲ್ಲ. ಕೆರೆಯ ಏರಿಯ ಮೇಲೆ, ದೇಗುಲದ ಅಂಗಳದಲ್ಲಿ, ಗದ್ದೆಯ ಬದುವಿನಲ್ಲಿ ಅವೇ ಎದುರಾಗುತ್ತವೆ. ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳು, ಎಂಟನೆಯ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳೇ ನೂರಾರು.

ಕಳೆದ ಮಾಘದಲ್ಲಿ ವಿದ್ಯಾರ್ಥಿಗಳೊಡನೆ ಸೊರಬದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಕೆರೆಯ ದಡದಲ್ಲಿ ಎರಡು ಕಲ್ಲುಗಳು. ಮೊದಲನೆಯದರ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಬಳಿಯಲ್ಲಿ ಹಸುಗಳು. ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದ ಅದೇ ವೀರ. ನಡುನಡುವಿನ ಅಂಚಿನಲ್ಲಿ ಹಳಗನ್ನಡದ ಸಾಲುಗಳು. ತುರುಗಳನ್ನು ಮರಳಿಸಿ ಮಡಿದವನೆಂದು ಓದಿ ಹೇಳಿದೆ. ಎರಡನೆಯದರಲ್ಲಿ ಚಿತ್ರಗಳು ಅವೇ, ಅಕ್ಷರಗಳು ಮಾತ್ರ ಸವೆದುಹೋಗಿದ್ದವು. ಅದಕ್ಕೂ ಅದೇ ಧೈರ್ಯದಿಂದ ಅರ್ಥ ಹೇಳಿದೆ.

“ಸಾರ್, ಬರಹವೇ ಇಲ್ಲವಲ್ಲ, ಹೇಗೆ ತಿಳಿಯಿತು?” ಎಂದನೊಬ್ಬ.

“ಪಕ್ಕದ ಕಲ್ಲು ಹೇಳುತ್ತದೆಯಲ್ಲ” ಎಂದೆ.

“ಎಲ್ಲ ಕಲ್ಲುಗಳ ಬರಹವೂ ಅಳಿದಿದ್ದರೆ?”

ಥಟ್ಟನೆ ಬಳ್ಳಾರಿಯ ಕಪ್ಪಗಲ್ಲು ನೆನಪಾಯಿತು. ಅಲ್ಲಿನ ಗುಡ್ಡದ ಕರಿಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಮೂಡಿಸಿದ ಗೂಳಿಗಳಿವೆ, ಮನುಷ್ಯಾಕೃತಿಗಳಿವೆ. ಬಹುಭಾಗ ನವಶಿಲಾಯುಗದವು, ಕೆಲವು ಈಚಿನವು. 1892ರಲ್ಲಿಯೇ ಫಾಸೆಟ್ ಎಂಬವರು ಅವನ್ನು ಕುರಿತು ಬರೆದರು. ಪಕ್ಕದಲ್ಲಿ ಓದಿ ಹೇಳುವ ಶಾಸನವೊಂದೂ ಇಲ್ಲ. ಆದರೂ ನಾನು ತರಗತಿಯಲ್ಲಿ, ಆದಿಮಾನವನ ಚಿತ್ರಗಳೆಲ್ಲ ಬೇಟೆ ಕೈಗೂಡಲೆಂದು ಮಾಡಿದ ಮಾಂತ್ರಿಕ ವಿಧಿಗಳೆಂದು ಟಿಪ್ಪಣಿ ಬರೆಸಿದ್ದೆ! ದನಗಾಹಿಗಳು ಕೆತ್ತಿದ ಗೂಳಿಗೆ ಬೇಟೆಯ ಮಂತ್ರವೇಕೆ ಎಂದು ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಆ ಗುಡ್ಡದ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ಮೊಳಗುತ್ತವೆ. ಬಡಿದು ಬಡಿದು ಅವುಗಳಲ್ಲಿ ಕುಳಿಗಳು ಬಿದ್ದಿವೆ. 2004ರಲ್ಲಿ ನಿಕೋಲ್ ಬೊಯ್ವಿನ್ ಎಂಬ ವಿದುಷಿ ಚಿತ್ರವನ್ನೂ ನಾದವನ್ನೂ ಜೊತೆಗಿಟ್ಟು ವಿಚಾರಿಸಿದರು. ಕುಟ್ಟುವ ಕ್ರಿಯೆಯೇ, ಅದರ ಸದ್ದೇ ಅವರಿಗೆ ಮುಖ್ಯವಾಗಿದ್ದಿರಬಹುದು. ಇದೂ ಊಹೆಯೇ, ಆದರೆ ಬಂಡೆಯನ್ನು ಮುಟ್ಟಿ ಮಾಡಿದ ಊಹೆ. ಆ ಗುಡ್ಡಕ್ಕೆ ಕಲ್ಲುಗಣಿಯ ಕಾಟವಿದ್ದದ್ದನ್ನೂ ಅವರು ಎಚ್ಚರಿಸಿದ್ದರು. ಜಲ್ಲಿಯಾದ ಬಂಡೆಯಲ್ಲಿ ಚಿತ್ರವೂ ಇಲ್ಲ, ನಾದವೂ ಇಲ್ಲ.

“ಆ ಟಿಪ್ಪಣಿಯನ್ನು ಹೊಡೆದುಹಾಕಿರಪ್ಪಾ” ಎಂದೆ. ಹುಡುಗರು ನಕ್ಕರು.

ಅಷ್ಟರಲ್ಲಿ ಮುದುಕಿಯೊಬ್ಬಳು ಬಂದು, ಅಕ್ಷರವಿಲ್ಲದ ಕಲ್ಲಿಗೇ ಕುಂಕುಮವಿಟ್ಟು ಕಣಗಿಲೆ ಹೂವು ಏರಿಸಿದಳು.

“ಯಾರಜ್ಜೀ ಇವರು?”

“ಯಾರೋ, ನಮ್ಮೋರೇ ಕಣಪ್ಪ.”

ಪ್ರಶ್ನೆ ಕೇಳಿದ ಹುಡುಗ ಅದನ್ನೂ ಬರೆದುಕೊಂಡ.