ಚಿಂತೆಯೂ ಶರೀರವೂ

ಹೊಳಲ್ಕೆರೆ ಹೊಸದುರ್ಗಗಳ ಅಡಕೆ ತೆಂಗಿನ ತೋಟಗಳಲ್ಲಿ ಕೊಳವೆಬಾವಿಯ ನೀರು ದಿನದಿನಕ್ಕೆ ಇಳಿಯುವುದನ್ನು ಕಾಣುತ್ತ, ಮುಗಿಲ ಚಿಂತೆಯನ್ನೂ ಸಾಲದ ಚಿಂತೆಯನ್ನೂ ಒಟ್ಟಿಗೆ ಹೊತ್ತ ರೈತನ ದುಗುಡವು ಮನಸ್ಸಿನಲ್ಲಷ್ಟೇ ನೆಲೆಸುವುದೆಂದು ತಿಳಿಯಲಾಗದು. ಅಪಾಯದ ಅರಿವಾದೊಡನೆಯೇ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಸ್ರವಿಸಿ, ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸಿ, ಜೀರ್ಣಕ್ರಿಯೆಯನ್ನು ಮಂದಗೊಳಿಸಿ, ಶರೀರವನ್ನು ಹೋರಾಟಕ್ಕೋ ಪಲಾಯನಕ್ಕೋ ಸಿದ್ಧಗೊಳಿಸುವುವು. ಕ್ಷಣಿಕವಾದ ಆಪತ್ತಿನಲ್ಲಿ ಪ್ರಾಣರಕ್ಷಕವಾದ ಈ ವ್ಯವಸ್ಥೆಯೇ ತಿಂಗಳುಗಟ್ಟಲೆ ವಿರಾಮವಿಲ್ಲದೆ ನಡೆದಲ್ಲಿ ನಿದ್ರೆಯನ್ನು ಕೆಡಿಸಿ, ರೋಗನಿರೋಧಕ ಶಕ್ತಿಯನ್ನು ಕುಂದಿಸಿ, ಹೃದಯಕ್ಕೆ ಭಾರವಾಗುವುದು. ನಾನಾ ಬಗೆಯ ಪೀಡೆಗೆ ಗುರಿಯಾದ ಇಲಿಗಳಲ್ಲಿ ಈ ಗ್ರಂಥಿಗಳು ಹಿಗ್ಗಿ ಜಠರದಲ್ಲಿ ಹುಣ್ಣುಗಳಾಗುವುದನ್ನು ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಷ್ಟು ಹಿಂದೆಯೇ ಪ್ರಕಟಿಸಿದ್ದನು.

ಮಳೆಗಾಗಿ ಕಾಯುವುದಾದರೂ ಎಷ್ಟು ಕಾಲ? ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯವು 1933ರಲ್ಲಿ ತುಂಬಿ ಕೋಡಿ ಬಿದ್ದ ತರುವಾಯ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನಾಡು ಅಷ್ಟು ದೀರ್ಘಕಾಲ ಕಾಯಬಲ್ಲುದು, ಮನುಷ್ಯಶರೀರ ಕಾಯಲಾರದು. ಆದ್ದರಿಂದ ಮಳೆ ಬರಲೆಂದು ಹಾರೈಸುವುದರ ಜೊತೆಗೇ, ಉಸಿರನ್ನು ನಿಧಾನವಾಗಿ, ಒಳಗೆಳೆದುದಕ್ಕಿಂತ ದೀರ್ಘವಾಗಿ ಹೊರಬಿಡುವ ಅಭ್ಯಾಸವನ್ನೂ, ಚಿತ್ರದುರ್ಗದ ಚಂದ್ರವಳ್ಳಿಯ ಕಡೆಗೋ ಊರ ಕೆರೆಯ ಏರಿಗೋ ಬೆಳಗಿನ ನಡಿಗೆಯನ್ನೂ, ಹೊತ್ತಿಗೆ ಸರಿಯಾದ ನಿದ್ರೆಯನ್ನೂ, ಆಪ್ತರೊಡನೆ ಕಷ್ಟವನ್ನು ಬಿಚ್ಚಿ ನುಡಿಯುವ ಧೈರ್ಯವನ್ನೂ ರೂಢಿಸಿಕೊಳ್ಳಬೇಕು. ಅದೂ ಸಾಲದಾದಾಗ ವೈದ್ಯರನ್ನು ಕಾಣುವುದಾಗಲಿ, ಸರ್ಕಾರದ ಟೆಲಿಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡುವುದಾಗಲಿ ದೌರ್ಬಲ್ಯವಲ್ಲ. ತನ್ನನ್ನು ನಂಬಿದ ಮನೆಮಂದಿಗೆ ಸಲ್ಲಿಸುವ ಕರ್ತವ್ಯವೇ ಸರಿ.